ನುಂಗಬಾರದಿದ್ದ ಗುಟುಕು

ಅವರ ಎರಡೂ ಮುಂಗೈಗಳ ಮೇಲೆ ಒಂದೇ ಒಂದು ಕೂದಲಿರಲಿಲ್ಲ. ಮೂವತ್ತು ವರ್ಷ ಕುದಿಯುವ ಹಂಡೆಗಳ ಮೇಲೆ ಬಗ್ಗಿ ಬಗ್ಗಿ ಹಬೆಗೆ ಎಲ್ಲ ಉದುರಿಹೋಗಿ ಚರ್ಮ ಮಿನುಗುತ್ತಿತ್ತು. ಕೆಂಗೇರಿಯ ಒಂದು ಚಿಕ್ಕ ಬಿಯರ್ ಫ್ಯಾಕ್ಟರಿಯಲ್ಲಿ ಅವರು ಬಿಯರ್ ತಯಾರಿಕೆಯ ಮುಖ್ಯಸ್ಥರು, ನಾನು ಲ್ಯಾಬಿನ ಹುಡುಗಿ. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಮಾತ್ರ ಅದು ಬಿಸ್ಕತ್ತು ಕಂಪನಿ. ತಿಂಗಳಿಗೊಮ್ಮೆ ಅಂಗಡಿಯಿಂದ ಬಿಸ್ಕತ್ತು ಕೊಂಡೊಯ್ದು ಅಮ್ಮನ ಕೈಗಿಡುತ್ತಿದ್ದೆ. ಅಮ್ಮ ಅದನ್ನು ಬೀದಿಗೆಲ್ಲ ಹಂಚಿ ಬೀಗುತ್ತಿದ್ದಳು.

ವರ್ಷಕ್ಕೊಮ್ಮೆ ಅವರು ಹಳೇ ಪದ್ಧತಿಯಲ್ಲಿ ಕಪ್ಪು ಲಾಗರ್ ಎಂಬ, ತಿಂಗಳುಗಟ್ಟಲೆ ತಣ್ಣಗಿಟ್ಟು ಹಣ್ಣಾಗಿಸುವ ಬಿಯರ್ ಮಾಡುತ್ತಿದ್ದರು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ನೆನೆಸಿದ ಗಂಜಿಯಲ್ಲಿ ಮೂರನೇ ಒಂದು ಪಾಲನ್ನು ಬೇರೆ ಹಂಡೆಗೆ ತೆಗೆದು, ಕಂದು ಬಣ್ಣ ಬರುವವರೆಗೂ ಕುದಿಸಿ, ಮತ್ತೆ ಸುರಿಯುವುದು. ಹೀಗೆ ಮೂರು ಸಲ. ಇಡೀ ದಿನ ಸೌಟು ಬಿಡುವಂತಿಲ್ಲ. "ಅಡಿ ಹಿಡೀತು ಅಂದ್ರೆ ಮುಗೀತು ಕಣಮ್ಮ, ಆಮೇಲೆ ಎರಡು ತಿಂಗಳು ಕಾಯೋದೂ ದಂಡ," ಎನ್ನುತ್ತಿದ್ದರು.

ಒಂದು ವರ್ಷ ಅವರಿಗೆ ಕಾಮಾಲೆ ಬಂದುಹೋಯಿತು. ಲಿವರ್ ಕೆಟ್ಟಿದೆ, ಒಂದು ಹನಿಯೂ ಮುಟ್ಟಬೇಡಿ ಎಂದರು ಡಾಕ್ಟರು. ಮಾಲೀಕರಿಗೆ ಗೊತ್ತಾದರೆ ಕೆಲಸ ಹೋಗುತ್ತಿತ್ತು. ನನ್ನೊಬ್ಬಳಿಗೇ ಹೇಳಿದರು. "ಬಾಯಿಗೆ ಹಾಕ್ಕೊಂಡು ಉಗುಳ್ತೀನಿ. ಆದ್ರೆ ಬಿಯರ್ ಗಂಟ್ಲಲ್ಲಿ ಇಳಿದ್ರೇನೇ ಕಹಿ ತಿಳಿಯೋದು. ನೀನು ನುಂಗಿ ಹೇಳು."

"ಬೇರೆ ಕೆಲ್ಸ ನೋಡ್ಕೋಬಾರ್ದಾ ಸಾರ್?"

"ಈ ವಾಸನೆ ಬಿಟ್ರೆ ನಂಗೇನು ಗೊತ್ತಿದೆ? ಎಲ್ಲಿಗೆ ಹೋಗ್ಲಿ?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಆರು ತಿಂಗಳು ನಾನು ನುಂಗಿ ಹೇಳಿದೆ, ಅವರು ಉಗುಳಿ ಒಪ್ಪಿದರು. ಮನೆಗೆ ಹೋಗುವಾಗ ಏಲಕ್ಕಿ ಅಗಿಯುತ್ತಿದ್ದೆ. ಆಮೇಲೆ ಕಪ್ಪು ಲಾಗರಿನ ಸರದಿ ಬಂತು. ಒಂದು ಗುಟುಕು ನುಂಗಿದೆ. ಸುಟ್ಟ ಬೆಲ್ಲ, ರೊಟ್ಟಿಯ ಸೀಕಲು, ಎದೆ ಬೆಚ್ಚಗಾಗುವಷ್ಟು ಖಡಕ್ಕು. ಅದರ ಹಿಂದೆ ಬೆಣ್ಣೆಯ ವಾಸನೆಯೋ ಅಥವಾ ನನ್ನ ಭ್ರಮೆಯೋ? ಬೆಣ್ಣೆ ಇದ್ದರೆ ಇನ್ನೂ ಹಣ್ಣಾಗಿಲ್ಲವೆಂದೇ ಅರ್ಥ. ಮತ್ತೆ ನುಂಗಿದೆ.

"ಹೇಳಮ್ಮ."

"ಗೊತ್ತಾಗ್ತಿಲ್ಲ ಸಾರ್."

ಏನೋ ಒಂದು ಹೇಳಿಬಿಡಬಹುದಿತ್ತು. ತಪ್ಪಾಗಿದ್ದರೆ ಒಂದು ಟ್ಯಾಂಕ್ ಬಿಯರ್ ಹಾಳಾಗುತ್ತಿತ್ತು, ಅಷ್ಟೇ. ಅವರು ನನ್ನ ಗ್ಲಾಸು ಎತ್ತಿ, ಕಣ್ಣು ಮುಚ್ಚಿ ನುಂಗಿಬಿಟ್ಟರು. "ಬೆಣ್ಣೆ ಇದೆ. ಇನ್ನ ಹತ್ತು ದಿನ ಬಿಡು." ಆ ಕ್ಷಣ ಅವರ ಮುಖದಲ್ಲಿದ್ದ ನೆಮ್ಮದಿ ನೋಡಿ ನನಗೆ ಹೆದರಿಕೆಯಾಯಿತು. ಅಂದಿನಿಂದ ಅವರು ನನ್ನನ್ನು ಕೇಳುವುದು ಬಿಟ್ಟರು. ಪ್ರತಿ ಟ್ಯಾಂಕನ್ನೂ ತಾವೇ ನುಂಗಿ ನೋಡಿದರು. ನಾನು ಬೇಡಿಕೊಂಡೆ, ಒಮ್ಮೆ ಗ್ಲಾಸು ಕಿತ್ತುಕೊಂಡೆ. ಮಾಲೀಕರಿಗೆ ಹೇಳೋಣವೆಂದರೆ ಅವರ ಅನ್ನಕ್ಕೇ ಕಲ್ಲು ಹಾಕಿದ ಹಾಗಾಗುತ್ತಿತ್ತು. ಬಾಯಿ ಮುಚ್ಚಿಕೊಂಡೆ.

ಎಂಟು ತಿಂಗಳಿಗೆ ಹೋಗಿಬಿಟ್ಟರು. ವೈಕುಂಠ ಸಮಾರಾಧನೆಯ ದಿನ ಗೋವಿಂದರಾಜನಗರದ ಅವರ ಮನೆಯಲ್ಲಿ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಎಲ್ಲಾ ಆ ಹುಡ್ಗೀನೇ ಕುಡಿದು ನೋಡ್ತಾಳೆ, ನಾನ್ ಮುಟ್ಟಲ್ಲ ಅಂತಿದ್ರು. ನೀನಿದ್ಯಲ್ಲ ಅಂತ ನಂಗೆ ಧೈರ್ಯ ಇತ್ತಮ್ಮ," ಎಂದರು. ನಾನು ಹೂಂ ಎಂದು ತಲೆಯಾಡಿಸಿದೆ.

ಈಗ ಅವರ ಕುರ್ಚಿಯಲ್ಲಿ ಕೂರುವವಳು ನಾನೇ. ಬೆಣ್ಣೆ ಇದೆಯೋ ಇಲ್ಲವೋ ಮೊದಲ ಗುಟುಕಿಗೇ ಹೇಳುತ್ತೇನೆ. ಬಿಟ್ಟುಹೋಗಬೇಕೆಂದು ಎಷ್ಟೋ ಸಲ ಅನಿಸಿದೆ. ಆದರೆ ಅವರು ತಿದ್ದಿಕೊಟ್ಟ ಈ ನಾಲಿಗೆ ಬೇರೆಲ್ಲೂ ಕೆಲಸಕ್ಕೆ ಬರುವುದಿಲ್ಲ.