ಶನಿಗ್ರಹದ ಕಂಡಕ್ಟರ್

ನನ್ನ ಚಿಕ್ಕಮ್ಮನ ಗಂಟಲು ಬಸ್ಸಿನ ಹಾರ್ನಿಗಿಂತ ಜೋರು. ಇದನ್ನು ಅವಳ ಮುಂದೆಯೇ ಹೇಳುತ್ತೇನೆ, ಅವಳಿಗೆ ಅದು ಹೊಗಳಿಕೆ. ನಿವೃತ್ತಿಯಾಗುವವರೆಗೆ ಅವಳು ಸಿಟಿ ಬಸ್ಸಿನ ಕಂಡಕ್ಟರ್. ಆಮೇಲೆ ಆ ಗಂಟಲಿಗೆ ಮನೆಯವರಾದ ನಾವೇ ಸಿಕ್ಕೆವು. ಬಚ್ಚಲಿನಲ್ಲಿ ಸ್ವಲ್ಪ ತಡವಾದರೆ ಸಾಕು, "ಬೇಗ ಇಳೀರಿ, ಹಿಂದೆ ಜನ ಇದಾರೆ!" ಎಂದು ಬಾಗಿಲು ಬಡಿಯುತ್ತಿದ್ದಳು.

ತಲೆ ಚಿಟ್ಟುಹಿಡಿದು ಒಂದು ಸಂಜೆ ಅವಳನ್ನು ನಮ್ಮ ಖಗೋಳ ಸಂಘದ ಕಾರ್ಯಕ್ರಮಕ್ಕೆ ಎಳೆದುಕೊಂಡು ಹೋದೆ. ನಮ್ಮದು ಸಣ್ಣ ಸಂಘ. ಔಷಧಿ ಅಂಗಡಿಯವರು ಕಾರ್ಯದರ್ಶಿ. ಅವರ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕೆಮ್ಮಿನ ಸಿರಪ್ಪಿನ ಪೆಟ್ಟಿಗೆಗಳ ನಡುವೆ ಟೆಲಿಸ್ಕೋಪಿನ ವಾಸ. ತಿಂಗಳಿಗೊಮ್ಮೆ ಅದನ್ನು ಬಸ್ ನಿಲ್ದಾಣದ ಪಕ್ಕದ ಬಯಲಿಗೆ ತಂದು ದಾರಿಹೋಕರಿಗೆ ಆಕಾಶ ತೋರಿಸುತ್ತೇವೆ. ಆ ಸಂಜೆ ಜನ ಮುಗಿಬಿದ್ದಿದ್ದರು. ಕಾರ್ಯದರ್ಶಿಗಳ ಮೆಲುದನಿ ಅವರ ಮೀಸೆಯನ್ನೇ ದಾಟುತ್ತಿರಲಿಲ್ಲ. ಚಿಕ್ಕಮ್ಮ ತನ್ನ ಸರದಿ ಮುಗಿಸಿ ಬಂದವಳು ಒಂದು ಗಳಿಗೆ ನೋಡಿದಳು, ಆಮೇಲೆ ತಡೆಯಲಾಗಲಿಲ್ಲ.

"ಒಬ್ಬೊಬ್ರೇ ಬನ್ನಿ! ನೋಡಾಯ್ತಾ? ಮುಂದೆ ಹೋಗಿ, ಮುಂದೆ ಹೋಗಿ!"

ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಸಾಲು ನೆಟ್ಟಗಾಯಿತು. ಅಂದಿನಿಂದ ಅವಳು ಸಂಘದವಳು. ಚಂದ್ರನ ಕುಳಿಗಳು, ಗುರುವಿನ ಉಪಗ್ರಹಗಳು ಎಲ್ಲವನ್ನೂ ಕೇಳಿ ಕಲಿತಳು. ಶನಿಯಂತೂ ಅವಳ ಮೆಚ್ಚಿನದು. "ಹೆಗಲೇರೋ ಶನಿ ಅಲ್ಲ ಸ್ವಾಮಿ, ಇದು ಉಂಗುರ ಹಾಕ್ಕೊಂಡಿರೋ ಶನಿ! ಉಂಗುರ ಅಂದ್ರೆ ಬರೀ ಐಸಿನ ಚೂರು, ಕಲ್ಲಿನ ಚೂರು!" ಎಂದು ಅವಳು ಕೂಗಿದರೆ ಹೊರಟ ಬಸ್ಸಿನಿಂದಲೂ ಜನ ಇಳಿದು ಬರುತ್ತಿದ್ದರು. ಶಾಲೆಗಳು ಕರೆಯತೊಡಗಿದವು. ಸಂಘಕ್ಕೆ ಜೀವ ಬಂದದ್ದೇ ಅವಳಿಂದ, ಇದರಲ್ಲಿ ಎರಡು ಮಾತಿಲ್ಲ.

ಈ ವರ್ಷದ ಕೊನೆಯ ಶನಿ ವೀಕ್ಷಣೆಯ ಹಿಂದಿನ ದಿನ, ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ಅವಳು ದನಿ ತಗ್ಗಿಸಿದಳು.

"ಲೇ, ಒಂದು ವಿಷಯ ಹೇಳ್ತೀನಿ, ನಗಬೇಡ. ಶನೀನ ನಾನು ಇನ್ನೂ ನೋಡೇ ಇಲ್ಲ ಕಣೇ."

ನಕ್ಕೇಬಿಟ್ಟೆ. ಅವಳು ನಗಲಿಲ್ಲ. ಮೊದಲ ದಿನ ಎಲ್ಲರಂತೆ ಕನ್ನಡಕ ತೆಗೆದು ಬಗ್ಗಿದಳಂತೆ. ಬರೀ ಮಂಜು. ಹಿಂದೆ ಅಷ್ಟು ಜನ ಕಾಯುತ್ತಿದ್ದಾರೆ, ಹೇಗೆ ಹೇಳುವುದು? "ಆಹಾ, ಎಷ್ಟು ಚೆನ್ನಾಗಿದೆ!" ಎಂದು ಸರಿದುಬಿಟ್ಟಳಂತೆ. ಮತ್ತೆರಡು ಸಲವೂ ಅದೇ ಕಥೆ.

"ಕಂಡಕ್ಟರಮ್ಮನೇ ಟಿಕೆಟ್ ಇಲ್ದೆ ಓಡಾಡಿದ ಹಾಗಾಯ್ತು. ನಾಳೆ ಒಂದು ಸಲ ನೋಡ್ತೀನಿ. ಕಾಣ್ಲಿಲ್ಲ ಅಂದ್ರೆ ಇನ್ಮೇಲೆ ನಾನು ಬರಲ್ಲ. ಕಾಣದೇ ಇರೋದನ್ನ ಊರಿಗೆಲ್ಲ ಸಾರೋಕೆ ನನಗೆ ನಾಚಿಕೆ."

ಅವಳು ಆಡಿದರೆ ಆಡಿದ ಹಾಗೆ. ಅವಳಿಲ್ಲದ ಸಂಘವನ್ನು ನೆನೆಸಿಕೊಳ್ಳಲೂ ನನಗೆ ಇಷ್ಟವಿರಲಿಲ್ಲ.

ಮರುದಿನ ಸಂಜೆ ಮೋಡದ ಸುಳಿವೂ ಇರಲಿಲ್ಲ. ಸಾಲು ಟಿಕೆಟ್ ಕೌಂಟರಿನವರೆಗೂ ಬೆಳೆದಿತ್ತು. ಒಬ್ಬೊಬ್ಬರೂ ಬಗ್ಗುವುದು, "ಆಹಾ!" ಎನ್ನುವುದು, ಹೋಗುವುದು. ಕೊನೆಗೆ ನಿಲ್ದಾಣದ ಮುಂದಿನ ತರಕಾರಿ ಅಂಗಡಿಯ ಅಜ್ಜಿ ಬಗ್ಗಿದಳು.

"ಇದೇನ್ರೀ, ಏನೂ ಇಲ್ಲ! ಬರೀ ಕಪ್ಪು!"

ಯಾರಿಗೋ ಉತ್ತರ ಕೊಡುವುದರಲ್ಲಿ ಮುಳುಗಿದ್ದ ಕಾರ್ಯದರ್ಶಿಗಳು ಓಡಿಬಂದು ಇಣುಕಿದರು, ನಾಲಿಗೆ ಕಚ್ಚಿಕೊಂಡರು. ಭೂಮಿ ತಿರುಗುತ್ತಲೇ ಇರುತ್ತದಲ್ಲ, ಟೆಲಿಸ್ಕೋಪನ್ನು ಆಗಾಗ ಸ್ವಲ್ಪ ತಳ್ಳದಿದ್ದರೆ ಶನಿ ಸರಿದುಹೋಗುತ್ತದೆ. ಮಾತಿನ ಭರದಲ್ಲಿ ಅವರು ತಳ್ಳುವುದನ್ನೇ ಮರೆತಿದ್ದರು! ಆಗಷ್ಟೇ "ಆಹಾ" ಅಂದಿದ್ದ ಬ್ಯಾಂಕಿನವರು ಗಡಿಬಿಡಿಯಲ್ಲಿ ಶೂ ಲೇಸು ಕಟ್ಟತೊಡಗಿದರು. ನನಗೆ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯಿತು.

ಚಿಕ್ಕಮ್ಮನ ಮುಖ ಮಾತ್ರ ಅರಳಿತು. "ಅಂದ್ರೆ ನಾನೊಬ್ಳೇ ಅಲ್ಲ!" ಎಂದು ನನ್ನ ಕೈ ಗಟ್ಟಿಯಾಗಿ ಹಿಡಿದಳು. ಮರುಕ್ಷಣ ಬಯಲೆಲ್ಲ ಅವಳದೇ ದನಿ. "ನೋಡಿದೋರೆಲ್ಲ ವಾಪಸ್ ಬನ್ನಿ! ಇವತ್ತಿಂದ ಚೆಕಿಂಗ್! ಉಂಗುರ ಯಾವ ಕಡೆ ವಾಲಿದೆ ಅಂತ ಹೇಳ್ದೆ ಯಾರೂ ಇಳಿಯೋ ಹಾಗಿಲ್ಲ!"

ಕಾರ್ಯದರ್ಶಿಗಳು ಶನಿಯನ್ನು ಮತ್ತೆ ಹಿಡಿದು ಕೊಟ್ಟರು. ಮೊದಲು ಅಜ್ಜಿಯೇ ಪಾಸಾದಳು. "ಬಲಗಡೆಗೆ, ಟೋಪಿ ವಾಲಿಸಿದ ಹಾಗೆ! ಎಲ್ಲಿ, ಈಗ ನೀನು ನೋಡಿ ಹೇಳು ತಂಗಿ."

ಚಿಕ್ಕಮ್ಮ ಕನ್ನಡಕ ತೆಗೆದು ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು.

"ಕಾಣ್ತಿಲ್ಲ," ಎಂದಳು, ಸಾಲಿಗೆಲ್ಲ ಕೇಳುವಂತೆ. "ನನಗೆ ಯಾವತ್ತೂ ಕಂಡಿಲ್ಲ. ಕಂಡಿದೆ ಅಂತ ಸುಳ್ಳು ಹೇಳಿದ್ದೆ."

ಯಾರೂ ನಗಲಿಲ್ಲ. ನಗುವ ಯೋಗ್ಯತೆ ಅಲ್ಲಿ ಯಾರಿಗಿತ್ತು?

"ಅಯ್ಯೋ, ಕನ್ನಡಕ ತೆಗೆದ್ರೆ ಫೋಕಸ್ ನಿಮ್ಮ ಕಣ್ಣಿಗೆ ಹೊಂದಿಸ್ಬೇಕು ಮೇಡಂ!" ಕಾರ್ಯದರ್ಶಿಗಳು ಹಣೆ ಬಡಿದುಕೊಂಡರು. "ತಪ್ಪು ನಮ್ದೇ, ಯಾರಿಗೂ ಹೇಳ್ಲೇ ಇಲ್ಲ. ಇಗೋ, ಈ ಗುಂಡಿ ತಿರುಗಿಸಿ. ನಿಧಾನಕ್ಕೆ."

ಚಿಕ್ಕಮ್ಮ ಬಗ್ಗಿಕೊಂಡೇ ಗುಂಡಿ ತಿರುಗಿಸತೊಡಗಿದಳು.

"ಮಂಜು... ಮಂಜೇ... ತಡೀರಿ... ಅಯ್ಯೋ! ಅಯ್ಯಯ್ಯೋ! ಇದೆ ಕಣೇ! ಉಂಗುರ ನಿಜವಾಗ್ಲೂ ಇದೆ! ಬಲಗಡೆಗೆ ವಾಲಿದೆ!"

ನಿಲ್ದಾಣದಲ್ಲಿದ್ದ ಡ್ರೈವರುಗಳೆಲ್ಲ ತಿರುಗಿ ನೋಡಿದರು. ಚಿಕ್ಕಮ್ಮ ಅಲ್ಲಿಂದ ಕದಲಲಿಲ್ಲ. ಕಾರ್ಯದರ್ಶಿಗಳು ಟೆಲಿಸ್ಕೋಪನ್ನು ಒಮ್ಮೆ ತಳ್ಳಿದರು, ಇನ್ನೊಮ್ಮೆ ತಳ್ಳಿದರು. ಆಗ ಸಾಲಿನ ಕೊನೆಯಿಂದ ಯಾರೋ ಶುರುಮಾಡಿದರು, ಎಲ್ಲರೂ ದನಿಗೂಡಿಸಿದರು.

"ನೋಡಾಯ್ತಾ? ಮುಂದೆ ಹೋಗಿ, ಮುಂದೆ ಹೋಗಿ!"

"ಹೋಗ್ರೀ, ಇಳಿಯಲ್ಲ!" ಚಿಕ್ಕಮ್ಮ ಕಣ್ಣು ಕೀಳದೆಯೇ ಕೂಗಿದಳು. "ಕೊನೇ ಸ್ಟಾಪಿನವರೆಗೂ ಟಿಕೆಟ್ ತಗೊಂಡಿದೀನಿ!"