ಭಾಗಾಕಾರದ ಮೇಷ್ಟ್ರು
ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಚೆಲುವಯ್ಯನವರು ಯಾರ ಮನೆಗೆ ಹೋದರೂ ಕಾಫಿಗಿಂತ ಮೊದಲು ಮಿಕ್ಸಿಯನ್ನು ಮಗುಚಿ ಅದರ ವ್ಯಾಟ್ ಓದುತ್ತಾರೆ. ಮದುವೆಮನೆಯಲ್ಲಿ ಅಕ್ಷತೆ ಹಾಕಿದವರೇ ಹೋಗಿ ಜನರೇಟರಿಗೊಂದು ಪ್ರದಕ್ಷಿಣೆ ಬರುತ್ತಾರೆ. ತರಗತಿಯಲ್ಲಿ ‘ಕರೆಂಟಿನ ಒಂದು ಯೂನಿಟ್ ಅಂದ್ರೆ ಕಿಲೋವ್ಯಾಟನ್ನ ಗಂಟೆಯಿಂದ ಭಾಗಿಸೋದು’ ಎಂದು ಸೀಮೆಸುಣ್ಣ ಮುರಿಯುವಂತೆ ಗೆರೆ ಎಳೆದು, ‘ಬಾಯಿಪಾಠ ಮಾಡ್ರೋ, ತಲೆ ಓಡಿಸಬ್ಯಾಡಿ’ ಎನ್ನುವುದು ಅವರ ಇಪ್ಪತ್ತಾರು ವರ್ಷದ ಅಭ್ಯಾಸ. ಈ ವರ್ಷ ಹತ್ತನೇ ತರಗತಿಯ ಶಾಂತಲಾ ಎದ್ದು ನಿಂತು, ‘ಸಾ, ಗುಣಿಸಬೇಕಲ್ವಾ?’ ಎಂದಳು. ಮೇಷ್ಟ್ರು ಅವಳನ್ನು ಹೊರಗೆ ನಿಲ್ಲಿಸಿದರು. ಜಗುಲಿಯಲ್ಲಿ ಬಿಸಿಯೂಟದ ಅಕ್ಕಿ ಆರಿಸುತ್ತಿದ್ದ ಜಯಲಕ್ಷ್ಮಮ್ಮ ಅವಳಿಂದ ಸಂಗತಿ ಕೇಳಿಕೊಂಡು, ‘ನಾಟಿಗೆ ನಾಕು ಜನ ಮೂರು ದಿನ ಬಂದ್ರೆ ಅನ್ನೆರಡಾಳು ಅಂತೀವಲ್ಲವ್ವ, ಕರೆಂಟೂ ಅಂಗೇ ಅಲ್ವಾ? ಎಷ್ಟು ಜೋರು, ಎಷ್ಟೊತ್ತು, ಎರಡನ್ನೂ ಗುಣಿಸದು’ ಎಂದದ್ದು ಪಕ್ಕದ ಕೋಣೆಯಲ್ಲಿ ಕನ್ನಡ ಹೇಳಿಕೊಡುತ್ತಿದ್ದ ನನಗೂ ಕೇಳಿಸಿತು. ಮೇಷ್ಟ್ರಿಗೂ ಕೇಳಿಸಿರಬೇಕು. ಹೊರಗೆ ಬಂದು, ‘ಒಳಕ್ಕೆ ಬಾರವ್ವ, ತಪ್ಪು ನಂದು’ ಎಂದು ಹುಡುಗಿಯನ್ನು ಕರೆದೊಯ್ದರು. ಅಂದಿನಿಂದ ಹಳೆಯ ವಿದ್ಯಾರ್ಥಿಗಳು ಎಲ್ಲಿ ಸಿಕ್ಕರೂ ಮೇಷ್ಟ್ರು ಹಿಡಿದು ನಿಲ್ಲಿಸಿ ತಾವು ಕಲಿಸಿದ್ದನ್ನು ತಿದ್ದುತ್ತಾರೆ. ಮೊನ್ನೆ ಬಿಳಿಕೆರೆಯಲ್ಲಿ ನಾವಿಬ್ಬರೂ ಬಸ್ಸಿಗೆ ಕಾಯುತ್ತಿದ್ದಾಗ, ಈಗ ಲೈನ್‌ಮನ್ ಆಗಿರುವ ಲಿಂಗರಾಜು ಬಂದು ಅವರ ಕಾಲು ಮುಟ್ಟಿದ. ಮೇಷ್ಟ್ರು ಹಿಂದೆ ಸರಿದು, ‘ನಿಂಗೆ ಭಾಗಾಕಾರ ಅಂತ ಹೇಳ್ಕೊಟ್ಟಿದ್ದೆ ಕಣಪ್ಪ, ಅದು ಗುಣಾಕಾರ’ ಎಂದರು. ‘ಗೊತ್ತು ಸಾ’ ಎಂದ ಲಿಂಗರಾಜು, ‘ಕೆಲಸಕ್ಕೆ ಸೇರಿದ ವಾರದಲ್ಲೇ ಗೊತ್ತಾಯ್ತು. ನಿಮಗೆ ಬೇಜಾರಾಗ್ತದೆ, ಯಾರೂ ಹೇಳಬಾರ್ದು ಅಂತ ನಾವೆಲ್ಲ ಮಾತಾಡ್ಕೊಂಡಿದ್ವಿ.’ ಬಸ್ಸು ಬಂದು ನಿಂತಿತು. ಮೇಷ್ಟ್ರು ತಲೆ ತಗ್ಗಿಸಿಕೊಂಡೇ ಹತ್ತಿದರು.