ಹಿನ್ನೀರಿನ ಹೊಲ ಮತ್ತು ಶಾಲೆಯ ಬ್ಲಾಗು

ನಮ್ಮ ಶಾಲೆಯ ಬ್ಲಾಗಿನಿಂದ ಎರಡು ಮನೆಗಳ ಬೆಳೆ ಹೋಯಿತು, ಒಂದು ಮನೆಯ ಮಗಳ ಓದು ನಿಂತಿತು. ಬ್ಲಾಗು ತೆರೆಯಿರೆಂದು ಆದೇಶಿಸಿದವರಿಗೆ ಏನೂ ಆಗಲಿಲ್ಲ.

ನಾನು ಜಮಖಂಡಿಯಿಂದ ದಿನಾ ಬಸ್ಸಿನಲ್ಲಿ ಗಲಗಲಿ ಕಡೆ ಅಣೆಕಟ್ಟಿನಿಂದ ಊರು ಮುಳುಗಿದವರ ಪುನರ್ವಸತಿ ಕೇಂದ್ರವೊಂದರ ಪ್ರೌಢಶಾಲೆಗೆ ಸಮಾಜವಿಜ್ಞಾನ ಕಲಿಸಲು ಹೋಗುತ್ತಿದ್ದೆ. ಮಕ್ಕಳ ಬರಹವನ್ನು ಪಠ್ಯದಷ್ಟೇ ಗೌರವದಿಂದ ಓದುವ ಶಾಲೆಯಲ್ಲಿ ಕಲಿತವಳು ನಾನು. ಪ್ರತಿ ತರಗತಿಗೂ ಬ್ಲಾಗು ಇರಬೇಕೆಂಬ ಆದೇಶ ತಾಲೂಕಿನ ಶಿಕ್ಷಣ ಕಚೇರಿಯಿಂದ ಬಂದಾಗ ಸಂತೋಷಪಟ್ಟೆ. ಅಲ್ಲಿಯವರೆಗೆ ನಮ್ಮ ಕಂಪ್ಯೂಟರುಗಳು ಬಟ್ಟೆ ಹೊದ್ದುಕೊಂಡು ಆಯುಧಪೂಜೆಯ ಕುಂಕುಮಕ್ಕಷ್ಟೇ ಮುಖ ತೋರಿಸುತ್ತಿದ್ದವು. ಈಗ ಮಕ್ಕಳು ಪರೀಕ್ಷಕನಿಗಲ್ಲದೆ ಬೇರೆಯವರಿಗೂ ಬರೆಯತೊಡಗಿದರು. ಬನಹಟ್ಟಿಯ ಸೋದರಮಾವನ ಮನೆಯಲ್ಲಿ ಮಗ್ಗ ನಿಂತ ಮೇಲೂ ಎಲ್ಲರೂ ಕೂಗಿಯೇ ಮಾತಾಡುತ್ತಾರೆಂದು ಒಬ್ಬ ಬರೆದ.

ಆದೇಶದಲ್ಲಿ ಒಂದು ಷರತ್ತಿತ್ತು. ಪ್ರತಿ ಬರಹದ ಜೊತೆ ಮಗುವಿನ ಹೆಸರು, ತಂದೆಯ ಹೆಸರು, ಊರು, ಭಾವಚಿತ್ರ ಇರಬೇಕು, ಲೋಕವೆಲ್ಲ ನೋಡುವಂತಿರಬೇಕು. ಸಹಪಾಠಿಗಳು ಮತ್ತು ಪಾಲಕರು ಮಾತ್ರ ಓದುವ ಹಾಗೆ ಮಾಡೋಣವೆಂದು ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡೆ. ಅವರು ನಕ್ಕರು. "ಬಾಗಲಾ ಹಾಕಿದ ಅಂಗಡಿಗಿ ಗಿರಾಕಿ ಬರ್ತಾರೇನ್ರಿ ಮೇಡಮ್ಮಾರ? ಮ್ಯಾಲಿನವರು ನೋಡ್ಬೇಕಲ್ಲ." ಮೊದಲ ತಪ್ಪು ಅದು.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ವರ್ಷಕ್ಕೊಮ್ಮೆ ನೀರಿನಿಂದ ಏಳುವ ತಮ್ಮ ಹೊಲದ ಬಗ್ಗೆ ಬರೆದಳು. ಅಣೆಕಟ್ಟಿನ ನೀರು ಹಳೆಯ ಊರನ್ನು ನುಂಗಿದ ಮೇಲೆ ಆ ಭೂಮಿ ಕಾಗದದಲ್ಲಿ ಸರಕಾರದ್ದು. ಆದರೂ ಚಳಿಗಾಲದಲ್ಲಿ ಹಿನ್ನೀರು ಇಳಿದಾಗ ಆ ಊರಿನ ಮನೆಯವರು ಬಂದು ಹಸಿ ಮಣ್ಣಿಗೆ ಕಡಲೆ ಬಿತ್ತುತ್ತಾರೆ. ಬದುಗಳು ಕರಗಿಹೋಗಿವೆ, ಹನುಮಪ್ಪನ ಗುಡಿಯ ಪಾವಟಿಗೆ ಮೆಟ್ಟಿಲು, ಸತ್ತ ಬೇವಿನ ಬೊಡ್ಡೆ ಹಿಡಿದು ಹಿರಿಯರು ಗೆರೆ ಎಳೆಯುತ್ತಾರೆ, ಒಬ್ಬರ ಹೊಲಕ್ಕೆ ಇನ್ನೊಬ್ಬರು ಕಾಲಿಡುವುದಿಲ್ಲ. ಇದು ಎಲ್ಲರಿಗೂ ಗೊತ್ತು, ಅಧಿಕಾರಿಗಳಿಗೂ ಗೊತ್ತು. ಯಾರೂ ಬರೆದಿಡುವುದಿಲ್ಲ, ಅಷ್ಟೇ. ಆ ಹುಡುಗಿ ಬರೆದಳು, ಕಡಲೆ ಗಿಡಗಳ ನಡುವೆ ನಿಂತ ಅಪ್ಪನ ಫೋಟೋ ಹಾಕಿದಳು. ತಾಲೂಕಿನ ಸಭೆಯಲ್ಲಿ ಅದನ್ನು ಮೆಚ್ಚಿ ಅವಳಿಗೊಂದು ಪೆನ್ನು ಕೊಟ್ಟರು.

ಕೆಲವು ವಾರಗಳ ನಂತರ ಇಬ್ಬರು ಆ ಪುಟದ ಬಣ್ಣದ ಪ್ರತಿ ಹಿಡಿದು ಬಂದರು. ಮುಖ್ಯೋಪಾಧ್ಯಾಯರ ಕೋಣೆಗೆ ಹುಡುಗಿಯನ್ನು ಕರೆಸಿದರು. ನಾನೂ ಅಲ್ಲಿದ್ದೆ. ಮತ್ತೆ ಬಹುಮಾನ ಕೊಡಲು ಬಂದವರೆಂದು ಅವಳು ತಿಳಿದಳು.

"ಛಲೋ ಬರದೀಯವ್ವಾ. ಈ ಹೊಲಾ ಎಲ್ಲಿ ಬರತೈತಿ?"

"ಗುಡಿ ಪಾವಟಿಗಿಯಿಂದ ಬಲಕ್ಕರಿ. ಬೇವಿನ ಬೊಡ್ಡಿ ತನಕ ನಮ್ಮದು."

"ಆಚೀಕಡಿ?"

"ನಮ್ಮ ಕಾಕಾಂದು ಐತ್ರಿ. ತೋರಸ್ಲೇನ್ರಿ?"

ಫೋಟೋದ ಮೇಲೆ ಬೆರಳಿಟ್ಟು ತೋರಿಸಿದಳು. ಒಬ್ಬ ಬರೆದುಕೊಂಡ. ನೀವು ಯಾರೆಂದು ಆಗ ಕೇಳಿದೆ.

"ಮುಳುಗಡಿ ಜಮೀನು ನೋಡ್ಕೊಳ್ಳಾವ್ರು ರೀ. ನಾವೇನು ಹುಡುಕಾಕ ಹೋಗಿದ್ದಿಲ್ಲ, ನಿಮ್ಮ ಸಾಲ್ಯಾಗಿಂದನ ಸಿಕ್ಕೈತಿ."

ಪಾಲಕರಿಲ್ಲದೆ ಮಗುವನ್ನು ವಿಚಾರಿಸಿದ್ದು ಒಂದು ತಪ್ಪು. ಅವಳ ಬರಹವನ್ನು ಹೊಗಳಿ ಅವಳ ಮನೆಯವರ ವಿರುದ್ಧವೇ ಸಾಕ್ಷಿ ನುಡಿಸಿದ್ದಕ್ಕೆ ನಾನು ಇಂದಿಗೂ ಹೆಸರು ಹುಡುಕುತ್ತಿದ್ದೇನೆ. ಅದು ನಡೆದದ್ದು ಶಾಲೆಯಲ್ಲಿ, ಹಾಡುಹಗಲು, ಗೋಡೆಯ ಮೇಲೆ ಮಕ್ಕಳ ಹಕ್ಕುಗಳ ಪಟ ತೂಗುತ್ತಿದ್ದ ಕೋಣೆಯಲ್ಲಿ.

ಕಾಯಿಕಟ್ಟಿದ್ದ ಕಡಲೆಯ ಮೇಲೆ ಆ ಕಚೇರಿಯವರು ತಂದ ಟ್ರ್ಯಾಕ್ಟರ್ ಹಾಯಿತು. ಅವಳ ಅಪ್ಪನ ಹೊಲ, ಕಾಕಾನ ಹೊಲ, ಅವೆರಡೇ. ಸುತ್ತಲಿನ ಹೊಲಗಳೂ ಅಂಥವೇ. ಬ್ಲಾಗಿನ ಫೋಟೋದಲ್ಲಿ ಇರಲಿಲ್ಲವಾದ್ದರಿಂದ ಉಳಿದವು. ಕಾಕಾನ ಮನೆಯವರು ಇವರೊಡನೆ ಮಾತು ಬಿಟ್ಟರು. ಹುಡುಗಿ ಶಾಲೆಗೆ ಬರುವುದು ನಿಂತಿತು.

ಅಪ್ಪ ಶಾಲೆಗೆ ಬಂದು ಬಾಗಿಲಲ್ಲೇ ನಿಂತ. "ನನ್ನ ಮಗಳು ಸುಳ್ಳ ಬರದಿಲ್ರಿ, ಆಕಿಗಿ ನಾ ಬೈದಿಲ್ಲ. ಆ ಹಾಳಿ ತಗೀರಿ. ತಗದ ದಿನಾ ಸಾಲಿಗಿ ಕಳಸ್ತೇನಿ."

"ಪಾಸ್‌ವರ್ಡ್ ತಾಲೂಕಿನಾಗ ಐತೋ ಮಾರಾಯಾ, ನನ್ನ ಕೈಯಾಗಿಲ್ಲ" ಎಂದರು ಮುಖ್ಯೋಪಾಧ್ಯಾಯರು.

"ಹಾಕಾಕ ಕೈ ಇದ್ದುವು, ತಗ್ಯಾಕ ಇಲ್ಲೇನ್ರಿ?"

ತಾಲೂಕಿಗೆ ನಾನೇ ಹೋದೆ. ನಮ್ಮದು ಮಾದರಿ ಬ್ಲಾಗೆಂದು ಆಯ್ಕೆಯಾಗಿದೆ, ಯಾವ ಬರಹವನ್ನೂ ಅಳಿಸುವಂತಿಲ್ಲ ಎಂದರು. ಮಾರ್ಚಿನ ಪರೀಕ್ಷೆಗೆ ಅವಳು ಬರಲಿಲ್ಲ. ಮನೆಗೆ ಹೋದಾಗ ಜೋಳ ಹಸನು ಮಾಡುತ್ತಿದ್ದಳು, ತಲೆ ಎತ್ತದೆ ಒಂದೇ ಮಾತು ಕೇಳಿದಳು: "ಕಾಕಾಂದೂ ನಾ ಯಾಕ ಹೇಳಿದ್ನಿರಿ, ಮೇಡಮ್ಮಾರ?"

ಆ ಪಾಸ್‌ವರ್ಡ್ ಇಟ್ಟುಕೊಂಡಿರುವ ಅಧಿಕಾರಿಗಳೇ, ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ಆ ಪುಟವನ್ನು ಅಳಿಸಿ. ಮಕ್ಕಳ ಶಾಲಾಬರಹವನ್ನು ಅವರ ಮನೆಯವರ ವಿರುದ್ಧ ಯಾವ ಕಚೇರಿಯೂ ಬಳಸಕೂಡದೆಂದು ಲಿಖಿತ ಆದೇಶ ಹೊರಡಿಸಿ. ಅದರ ಪ್ರತಿಯನ್ನು ನೀವೇ ಅವಳ ತಂದೆಯ ಕೈಗೆ ಕೊಟ್ಟು, ತಪ್ಪಿದ ಪರೀಕ್ಷೆಯನ್ನು ಬರೆಸಿ, ಅವಳನ್ನು ಹತ್ತನೆಯ ತರಗತಿಯಲ್ಲಿ ಕೂರಿಸಿ.